ಬರಿ ಕೇಬಲ್ ಇನ್ನು ಕೊಡುವುದಿಲ್ಲ: ರೋಬೋಟ್ ಸೀರಿಯಲ್ ಸಂಪರ್ಕದ ಬಗ್ಗೆ ನಮ್ಮ ಗ್ರಾಹಕರಿಗೆ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ಲ್ಯಾಪ್‌ಟಾಪ್‌ನಿಂದ ರೋಬೋಟ್‌ಗೆ ಹಾಕುವ ಸೀರಿಯಲ್ ಕೇಬಲ್ಲನ್ನು ನಾವು ಬಿಡಿಯಾಗಿ ಮಾರುವುದಿಲ್ಲ. ಹಳದಿ ಟ್ಯಾಗಿನ ಆ ಕೇಬಲ್ ಬೇಕಾದರೆ ಜೊತೆಗೆ ಸೀರಿಯಲ್ ಸಂಪರ್ಕವನ್ನು ಸಾಮಾನ್ಯ ಈಥರ್ನೆಟ್‌ಗೆ ತಿರುಗಿಸುವ ಒಂದು ಚಿಕ್ಕ ಪೆಟ್ಟಿಗೆ ಬರುತ್ತದೆ. ನಮ್ಮ ಹುಡುಗರೇ ಬಂದು ಅದನ್ನು ರೋಬೋಟ್ ನಡೆಸುವ ಕಂಟ್ರೋಲರಿನ ಕ್ಯಾಬಿನೆಟ್ ಒಳಗೆ ಕೂರಿಸಿ, ಸೆಟ್ಟಿಂಗ್ ಮಾಡಿ, ನಿಮ್ಮ ಕಣ್ಣೆದುರಿಗೆ ಒಂದು ಪೂರ್ತಿ ಬ್ಯಾಕಪ್ ತೆಗೆದು ತೋರಿಸಿ ಹೋಗುತ್ತಾರೆ. ಬಿಲ್ಲೂ ಅದಕ್ಕೆ ತಕ್ಕ ಹಾಗೆ ಜಾಸ್ತಿಯಾಗುತ್ತದೆ. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಹೊಸದಾಗಿ ತೆಗೆದುಕೊಳ್ಳುವವರಿಗೆ ಫೋನಿನಲ್ಲೇ ಪುಕ್ಕಟೆಯಾಗಿ ಸೆಟ್ಟಿಂಗ್ ಹೇಳಿಕೊಡುವ ಪದ್ಧತಿಯೂ ನಿಲ್ಲುತ್ತದೆ. ಈಗಾಗಲೇ ನಮ್ಮ ಕೇಬಲ್ ಇಟ್ಟುಕೊಂಡಿರುವವರು ಗಾಬರಿಯಾಗಬೇಡಿ, ನಿಮ್ಮ ವಿಷಯ ಕೆಳಗೆ ಬರೆದಿದ್ದೇವೆ.

ಇಷ್ಟು ಕಡಿಮೆ ಸಮಯ ಕೊಟ್ಟು ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ. ಈ ಸಾಲಿನ ಖರ್ಚು ಬರೆದಿಟ್ಟು ಬಜೆಟ್ ಮುಗಿಸಿದವರಿಗೆ ಇದು ತಲೆನೋವು ಅಂತ ನಮಗೂ ಗೊತ್ತು.

ಈಗ ನಮ್ಮ ಕೇಬಲ್ಲಿನ ಬೆಲೆ ಜಾಸ್ತಿ ಅನ್ನುವ ಮಾತಿಗೆ ಬರೋಣ. ಎದುರಿಗೆ ಹೇಳಿದವರೂ ಇದ್ದಾರೆ, ಬೇರೆಯವರ ಹತ್ತಿರ ಹೇಳಿ ನಮ್ಮ ಕಿವಿಗೆ ಬೀಳುವ ಹಾಗೆ ಮಾಡಿದವರೂ ಇದ್ದಾರೆ. "ಮೂರು ವೈರು. ಎರಡು, ಮೂರು, ಐದು. ಅಷ್ಟಕ್ಕೆ ಇಷ್ಟು ದುಡ್ಡಾ?"

ಮೂರು ವೈರು ಅನ್ನುವುದು ಸುಳ್ಳಲ್ಲ. ಲ್ಯಾಪ್‌ಟಾಪ್ ಕಡೆಯ 9 ಪಿನ್ ಪ್ಲಗ್ಗಿನಲ್ಲಿ 2 ಕೇಳುವ ಪಿನ್, 3 ಹೇಳುವ ಪಿನ್, 5 ಗ್ರೌಂಡ್. ರೋಬೋಟ್ ಕಡೆಯೂ 9 ಪಿನ್ ಇದ್ದರೆ 2 ಮತ್ತು 3ನ್ನು ಅಡ್ಡ ಹಾಕಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಬೇಕಲ್ವಾ. ಆದರೆ ಹಳೆಯ ಎಷ್ಟೋ ಕಂಟ್ರೋಲರ್‌ಗಳಲ್ಲಿ ಇರುವುದು 25 ಪಿನ್. ಅದರಲ್ಲಿ 2 ಹೇಳುವ ಪಿನ್, 3 ಕೇಳುವ ಪಿನ್, ಅಂದರೆ ಆಗಲೇ ಉಲ್ಟಾ. ಅಲ್ಲಿ 2ಕ್ಕೆ 2, 3ಕ್ಕೆ 3 ನೇರವಾಗಿ ಹೋಗಬೇಕು. ಗ್ರೌಂಡ್ 5ರಿಂದ 7ಕ್ಕೆ. "ಅಡ್ಡ ಹಾಕಬೇಕು" ಅಂತ ಎಲ್ಲೋ ಓದಿಕೊಂಡು ಇಲ್ಲೂ ಅಡ್ಡ ಹಾಕಿದರೆ ಎರಡೂ ಕಡೆಯವರು ಹೇಳುತ್ತಲೇ ಇರುತ್ತಾರೆ, ಕೇಳುವವರು ಯಾರೂ ಇರುವುದಿಲ್ಲ.

ಮಿಕ್ಕ ಪಿನ್‌ಗಳನ್ನು ಸುಮ್ನೆ ಬಿಡುವುದಕ್ಕೂ ಆಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಆಗಿದ್ದರೆ ಅದು 8ನೇ ಪಿನ್‌ನಲ್ಲಿ "ಕಳಿಸು" ಅನ್ನುವ ಸನ್ನೆ ಬರುವವರೆಗೆ ಒಂದಕ್ಷರವನ್ನೂ ಕಳಿಸುವುದಿಲ್ಲ. ಅದಕ್ಕೇ ನಾವು ಪ್ಲಗ್ಗಿನ ಹೊಟ್ಟೆಯೊಳಗೇ ಲ್ಯಾಪ್‌ಟಾಪ್ ತಾನೇ ಸನ್ನೆ ಕೊಡುವ 7ನ್ನೂ ಸನ್ನೆಗೆ ಕಾಯುವ 8ನ್ನೂ ಜೋಡಿಸಿ ಸೋಲ್ಡರ್ ಮಾಡುತ್ತೇವೆ. ಅಂಥದೇ ಸನ್ನೆಯ ಪಿನ್‌ಗಳಾದ 1, 4, 6ನ್ನು ಒಟ್ಟಿಗೆ ಕಟ್ಟುತ್ತೇವೆ. ರೋಬೋಟ್ ನಿಜವಾಗಿಯೂ ಆ ಸನ್ನೆಗಳನ್ನು ಬಳಸುವಂಥದ್ದಾದರೆ ಹೀಗೆ ಮಾಡಲು ಬರುವುದಿಲ್ಲ, ಆಗ ಐದು ವೈರು, ಏಳು ವೈರು ಎಳೆಯಬೇಕು. ಯಾವ ಮಷೀನಿಗೆ ಯಾವುದು ಅಂತ ನಮ್ಮ ಗೋಡೆಯ ಮೇಲೆ ಪಟ್ಟಿ ಇದೆ. ಆ ಪಟ್ಟಿ ಪುಕ್ಕಟೆ ಸಿಕ್ಕಿದ್ದಲ್ಲ.

"ಹಾಗಾದರೆ ಎಲ್ಲ ಪಿನ್ನೂ ಜೋಡಿಸಿದ ರೆಡಿಮೇಡ್ ಕೇಬಲ್ ತಂದರಾಯಿತು" ಅನ್ನುವವರಿಗೆ ಒಂದು ಎಚ್ಚರಿಕೆ. ಕೆಲವು ಕಂಟ್ರೋಲರ್‌ಗಳ 25 ಪಿನ್ ಪೋರ್ಟಿನಲ್ಲಿ ಕೊನೆಯ ಪಿನ್‌ಗೆ 24 ವೋಲ್ಟ್ ಕೊಟ್ಟಿರುತ್ತಾರೆ, ಹಿಂದೆ ಹೊರಗಿನ ಉಪಕರಣಗಳಿಗೆ ಅಲ್ಲಿಂದಲೇ ಕರೆಂಟ್ ಹೋಗುತ್ತಿತ್ತು. ಎಲ್ಲ ಪಿನ್ ಜೋಡಿಸಿದ ಕೇಬಲ್ಲು ಆ 24 ವೋಲ್ಟನ್ನು ಎಲ್ಲಿಗೆ ತಲುಪಿಸುತ್ತದೆ ಅಂತ ಯೋಚಿಸಿ. ಲ್ಯಾಪ್‌ಟಾಪ್ ಪೋರ್ಟ್ ಸುಟ್ಟುಕೊಂಡು ಬಂದು "ನಿಮ್ಮ ಕೇಬಲ್ಲಿಂದ ಹೀಗಾಯ್ತು" ಅಂದಾಗ, ಟ್ಯಾಗ್ ನೋಡಿದರೆ ಅದು ನಮ್ಮದೇ ಆಗಿರುವುದಿಲ್ಲ. ಈ ಮಾತು ಕೇಳಿಸಿಕೊಂಡು ಸಾಕಾಗಿದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇವೆ.

ಇನ್ನು ಯುಎಸ್‌ಬಿ ಅಡಾಪ್ಟರ್. ಖರ್ಚು ನಿಜವಾಗಿ ಏರಿದ್ದು ಇಲ್ಲಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟೇ ಇಲ್ಲ, ಹಾಗಾಗಿ ಎಲ್ಲರ ಕೈಯಲ್ಲೂ ಒಂದು ಅಗ್ಗದ ಅಡಾಪ್ಟರ್. ಸೀರಿಯಲ್ ಲೈನಿನ ಆರ್‌ಎಸ್-232 ನಿಯಮದ ಪ್ರಕಾರ 1 ಅನ್ನುವ ಬಿಟ್ ಅಂದರೆ ಲೈನಿನಲ್ಲಿ ಮೈನಸ್ 3ರಿಂದ ಮೈನಸ್ 15 ವೋಲ್ಟ್ ಇರಬೇಕು, 0 ಅನ್ನುವ ಬಿಟ್ ಅಂದರೆ ಪ್ಲಸ್ 3ರಿಂದ ಪ್ಲಸ್ 15. ಮೈನಸ್ 3 ಮತ್ತು ಪ್ಲಸ್ 3ರ ನಡುವೆ ಇರುವುದು ಯಾರಿಗೂ ಸೇರದ ಜಾಗ. ಅಗ್ಗದ ಕೆಲವು ಅಡಾಪ್ಟರ್‌ಗಳು ಮೈನಸ್ ಕಡೆಗೆ ಹೋಗುವುದೇ ಇಲ್ಲ, ಸೊನ್ನೆ ವೋಲ್ಟಿನಲ್ಲೇ ನಿಂತುಬಿಡುತ್ತವೆ. ಹೊಸ ಉಪಕರಣಗಳು ಅದನ್ನೂ ಅರ್ಥ ಮಾಡಿಕೊಳ್ಳುತ್ತವೆ, ಹಳೆ ರೋಬೋಟ್ ಮಾಡಿಕೊಳ್ಳುವುದಿಲ್ಲ. ನೀವೇ ಪರೀಕ್ಷೆ ಮಾಡಬಹುದು. ಅಡಾಪ್ಟರನ್ನು ಲ್ಯಾಪ್‌ಟಾಪ್‌ಗೆ ಹಾಕಿ, ಏನೂ ಕಳಿಸದೆ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು 5ಕ್ಕೆ, ಕೆಂಪನ್ನು 3ಕ್ಕೆ ಇಡಿ. ಮೈನಸ್ 5ಕ್ಕಿಂತ ಕೆಳಗೆ ತೋರಿಸಿದರೆ ಸರಿ. ಸೊನ್ನೆಯ ಆಸುಪಾಸಿನಲ್ಲಿ ಇದ್ದರೆ ಆ ಅಡಾಪ್ಟರನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಇದರ ಜೊತೆಗೆ ಅರ್ಥಿಂಗ್ ಕಾಟ. ರೋಬೋಟ್ ಕ್ಯಾಬಿನೆಟ್ಟಿನ ಅರ್ಥಿಂಗ್ ಒಂದು ಕಡೆ, ಲ್ಯಾಪ್‌ಟಾಪ್ ಚಾರ್ಜರಿನ ಅರ್ಥಿಂಗ್ ಇನ್ನೊಂದು ಕಡೆ. ನಡುವೆ ನಮ್ಮ 5ನೇ ಪಿನ್ನಿನ ವೈರು ಸೇತುವೆ. ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಆ ಸೇತುವೆಯ ಮೇಲೆ ಏನೇನು ಹರಿಯುತ್ತದೋ ದೇವರೇ ಬಲ್ಲ. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ನಡೆಸಿದರೆ ಸಂಪರ್ಕ ಸರಿಹೋಗುತ್ತದೆ ಅಂತ ನಿಮ್ಮಲ್ಲಿ ಕೆಲವರು ನೀವಾಗಿಯೇ ಕಂಡುಹಿಡಿದಿದ್ದೀರಿ. ಕಾರಣ ಇದೇ. ಎರಡು ಕಡೆಗೂ ವಿದ್ಯುತ್ ಸಂಬಂಧವೇ ಇಲ್ಲದ ಹಾಗೆ ಮಾಡುವ ಐಸೋಲೇಟೆಡ್ ಅಡಾಪ್ಟರ್ ಇದಕ್ಕೆ ಮದ್ದು, ಆದರೆ ಅದರ ಬೆಲೆ ಅಗ್ಗದ್ದರ ಹಲವು ಪಟ್ಟು. ಆ ಬೆಲೆ ನಾವು ಇಟ್ಟದ್ದಲ್ಲ. ನಕಲಿ ಚಿಪ್ ಇರುವ ಅಡಾಪ್ಟರ್‌ಗಳನ್ನು ಹೊಸ ಡ್ರೈವರ್ ಬಂದ ದಿನವೇ ವಿಂಡೋಸ್ ಗುರುತಿಸದೆ ಹೋಗುವುದನ್ನು ನೋಡಿದ ಮೇಲೆ, ಅಗ್ಗದ್ದನ್ನು ನಮ್ಮ ಹೆಸರಿನಲ್ಲಿ ಕೊಡಲು ಮನಸ್ಸಾಗುವುದಿಲ್ಲ.

ಇಷ್ಟಾಗಿಯೂ ಕೇಬಲ್ಲಿನ ಕೆಲಸವೇ ಸುಲಭದ್ದು ಅಂದರೆ ನಂಬುತ್ತೀರಾ? ನಮ್ಮ ಸಮಯ ತಿನ್ನುವುದು ಅದಾದ ಮೇಲಿನ ಸೆಟ್ಟಿಂಗ್.

ಒಂದೇ ಕೇಬಲ್ಲಿನ ಮೇಲೆ ನೆಟ್‌ವರ್ಕ್ ನಡೆಯಬೇಕಾದರೆ ಪಿಪಿಪಿ ಬೇಕು, ಇನ್ನೂ ಹಳೆಯ ಕಂಟ್ರೋಲರ್ ಆದರೆ ಸ್ಲಿಪ್. ಎರಡೂ ಸೀರಿಯಲ್ ಲೈನಿನ ಮೇಲೆ ನೆಟ್‌ವರ್ಕಿನ ಡೇಟಾ ಸಾಗಿಸುವ ಕ್ರಮಗಳು. ಸ್ಲಿಪ್‌ನಲ್ಲಿ ತಪ್ಪು ಹಿಡಿಯುವ ವ್ಯವಸ್ಥೆಯೇ ಇಲ್ಲ, ಐಪಿ ಅಡ್ರೆಸ್ಸನ್ನು ಎರಡೂ ಕಡೆ ಕೈಯಾರೆ ಬರೆಯಬೇಕು. ಪಿಪಿಪಿ ಆ ಅಡ್ರೆಸ್ಸನ್ನು ತಾನೇ ಮಾತಾಡಿ ಗೊತ್ತುಮಾಡಿಕೊಳ್ಳುತ್ತದೆ. ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ "ಇನ್ನೊಂದು ಕಂಪ್ಯೂಟರಿಗೆ ನೇರ ಸಂಪರ್ಕ" ಅನ್ನುವ ಆಯ್ಕೆ ಎದುರಿಗೇ ಇತ್ತು. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಹೊಸ ವಿಂಡೋಸ್‌ನಲ್ಲಿ ಆ ದಾರಿ ಹಾಗೆ ಸಿಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಫೋನ್ ಮತ್ತು ಮೋಡೆಮ್ ಪುಟಕ್ಕೆ ಹೋಗಿ, ಎರಡು ಕಂಪ್ಯೂಟರ್ ನಡುವಿನ ಕೇಬಲ್ಲನ್ನೇ ಒಂದು ಮೋಡೆಮ್ ಅಂತ ಕೈಯಾರೆ ಸೇರಿಸಿ, ಅದರ ಮೇಲೆ ಡಯಲ್-ಅಪ್ ಸಂಪರ್ಕ ಕಟ್ಟಬೇಕು. ಆದ್ದರಿಂದ "ಹಳೆ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿತ್ತು, ಹೊಸದರಲ್ಲಿ ನಿಮ್ಮ ಕೇಬಲ್ ಕೆಲಸ ಮಾಡುತ್ತಿಲ್ಲ" ಅನ್ನುವ ದೂರಿನಲ್ಲಿ ಕೇಬಲ್ಲಿನದು ಏನೂ ತಪ್ಪಿಲ್ಲ, ಪಾಪ.

ವೇಗದ ವಿಷಯದಲ್ಲಂತೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಕಥೆ. ರೋಬೋಟ್ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಮಾತಾಡುತ್ತಿರುತ್ತದೆ, ಲ್ಯಾಪ್‌ಟಾಪ್ 19200ರಲ್ಲಿ. ನೀವು ಡಿವೈಸ್ ಮ್ಯಾನೇಜರಿಗೆ ಹೋಗಿ ಪೋರ್ಟಿನ ವೇಗ 9600 ಅಂತ ಬದಲಿಸಿ, ಆಯಿತು ಅಂದುಕೊಳ್ಳುತ್ತೀರಿ. ಆದರೆ ನಡೆಯುವುದು ಡಯಲ್-ಅಪ್ ಸಂಪರ್ಕದ ಕಾನ್ಫಿಗರ್ ಪುಟದಲ್ಲಿ ಬರೆದಿರುವ ವೇಗ. ಅದೇ ಪುಟದಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಟಿಕ್ಕೂ ಇರುತ್ತದೆ.

ಫೋನಿನಲ್ಲಿ ಅತಿ ಹೆಚ್ಚು ಸಮಯ ಹೋಗುವುದು "ಕ್ಲೈಂಟ್" ವಿಷಯಕ್ಕೆ. ಈ ಬಗೆಯ ಸಂಪರ್ಕದಲ್ಲಿ ವಿಂಡೋಸ್ ಮೊದಲು ಲೈನಿನ ಮೇಲೆ "ಕ್ಲೈಂಟ್" ಅನ್ನುವ ಪದ ಕಳಿಸುತ್ತದೆ, ಆ ಕಡೆಯಿಂದ "ಕ್ಲೈಂಟ್‌ಸರ್ವರ್" ಅಂತ ಉತ್ತರ ಬರಲಿ ಅಂತ ಕಾಯುತ್ತದೆ. ರೋಬೋಟ್ ನೇರವಾಗಿ ಪಿಪಿಪಿ ಶುರುಮಾಡುವ ಜಾತಿಯದಾದರೆ ಈ ಉತ್ತರ ಯಾವತ್ತಿಗೂ ಬರುವುದಿಲ್ಲ. ಇಬ್ಬರೂ ಕಾದು ಕಾದು ಸುಸ್ತಾಗಿ ಕೈಬಿಡುತ್ತಾರೆ, ಪರದೆಯ ಮೇಲೆ ಬರುವ ಎರರ್ ನಂಬರಿನಿಂದ ಏನೂ ತಿಳಿಯುವುದಿಲ್ಲ. ಆಗ ನಾವು ಮಾಡಿಸುವುದು ಇಷ್ಟೇ: ಸಂಪರ್ಕ ಬಿಟ್ಟು ಒಂದು ಟರ್ಮಿನಲ್ ಪ್ರೋಗ್ರಾಂ ತೆರೆದು ರೋಬೋಟ್ ಏನು ಕಳಿಸುತ್ತಿದೆ ಅಂತ ನೋಡಿ. ಕಸದಂಥ ಅಕ್ಷರಗಳ ನಡುವೆ ಮತ್ತೆ ಮತ್ತೆ ~ ಮತ್ತು } ಕಾಣಿಸಿದರೆ ಖುಷಿಪಡಿ, ಅದು ಪಿಪಿಪಿ. ಕೇಬಲ್ ಸರಿ, ವೇಗ ಸರಿ, ಬಗ್ಗಿಸಬೇಕಾದ್ದು ವಿಂಡೋಸನ್ನು. ಆ ಎರಡು ಗುರುತು ಇಲ್ಲದ ಬರಿ ಕಸ ಬಂದರೆ ಮೊದಲು ವೇಗ ನೋಡಿ.

ಸಂಪರ್ಕ ಬಂತು, ರೋಬೋಟ್ ಸಿಕ್ಕಿತು. ಹತ್ತು ನಿಮಿಷಕ್ಕೆ ಇನ್ನೊಂದು ಫೋನ್: "ನಿಮ್ಮ ಕೇಬಲ್ ಹಾಕಿದ ಮೇಲೆ ಇಂಟರ್ನೆಟ್ ಹೋಯಿತು." ಸಂಪರ್ಕದ ಟಿಸಿಪಿ/ಐಪಿ ಸೆಟ್ಟಿಂಗಿನ ಅಡ್ವಾನ್ಸ್ಡ್ ಪುಟದಲ್ಲಿ, ಆ ಕಡೆಯ ನೆಟ್‌ವರ್ಕಿನ ಡಿಫಾಲ್ಟ್ ಗೇಟ್‌ವೇ ಬಳಸು ಅನ್ನುವ ಟಿಕ್ ಮೊದಲೇ ಬಿದ್ದಿರುತ್ತದೆ. ನಿಮ್ಮ ಮೇಲ್‌ಗಳೆಲ್ಲ ರೋಬೋಟ್ ಮೂಲಕ ಹೊರಗೆ ಹೋಗಲು ನೋಡುತ್ತಿರುತ್ತವೆ. ಟಿಕ್ ತೆಗೆಯಿರಿ, ಮುಗಿಯಿತು.

ಇಂಥ ಒಂದೊಂದು ಫೋನೂ ನಮ್ಮ ಒಬ್ಬ ಇಂಜಿನಿಯರ್ ಬೆಂಚು ಬಿಟ್ಟು ಎದ್ದು ಬರುವ ಫೋನು. ಕೇಬಲ್ಲಿನ ಬೆಲೆಯಲ್ಲಿ ಅದನ್ನು ನಾವು ಯಾವತ್ತೂ ಸೇರಿಸಿರಲಿಲ್ಲ. ಲಾಭ ಹೊಡೆಯುತ್ತಿದ್ದೇವೆ ಅನ್ನುವವರು ದಯವಿಟ್ಟು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಹೊಸ ಪೆಟ್ಟಿಗೆ ಈ ಜಂಜಾಟವನ್ನೆಲ್ಲ ಕ್ಯಾಬಿನೆಟ್ ಒಳಗೇ ಮುಗಿಸುತ್ತದೆ. ಒಂದು ಕಡೆ ಮೊಳದುದ್ದದ ಸೀರಿಯಲ್ ಕೇಬಲ್, ಐಸೋಲೇಶನ್ ಜೊತೆಗೆ. ಪಿಪಿಪಿ ಮಾತಾಡುವುದು ಪೆಟ್ಟಿಗೆ. ಇನ್ನೊಂದು ಕಡೆ ಸಾಮಾನ್ಯ ಈಥರ್ನೆಟ್. ಲ್ಯಾಪ್‌ಟಾಪ್ ಬದಲಾದರೂ, ವಿಂಡೋಸ್ ಬದಲಾದರೂ ರೋಬೋಟ್‌ಗೆ ಗೊತ್ತೇ ಆಗುವುದಿಲ್ಲ.

ಪೆಟ್ಟಿಗೆಯಿಂದ ಆಗದ್ದನ್ನೂ ಹೇಳಿಬಿಡುತ್ತೇವೆ. ವೇಗ ಹೆಚ್ಚುವುದಿಲ್ಲ. ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್ ಬೇಕು, ಹಾಗಾಗಿ 9600ರಲ್ಲಿ ಸೆಕೆಂಡಿಗೆ 960 ಬೈಟ್ ಮಾತ್ರ. 1 ಎಂಬಿ ಬ್ಯಾಕಪ್‌ಗೆ ಕಡಿಮೆಯೆಂದರೂ 18 ನಿಮಿಷ. ರೋಬೋಟಿನ ಪೋರ್ಟ್ 115200ಕ್ಕೆ ಹೋಗುವಂಥದ್ದಾದರೆ ಅದೇ ಕೆಲಸ ಸುಮಾರು ಒಂದೂವರೆ ನಿಮಿಷ. ಅದು ನಿಮ್ಮ ಕಂಟ್ರೋಲರ್ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ಇನ್ನೊಂದು ಮಾತು, ಈಥರ್ನೆಟ್ ಬಂತು ಅಂತ ಪೆಟ್ಟಿಗೆಯನ್ನು ಆಫೀಸಿನ ಸ್ವಿಚ್ಚಿಗೆ ಸಿಕ್ಕಿಸಬೇಡಿ. ಹಳೆ ಕಂಟ್ರೋಲರ್‌ಗಳು ಯಾರು ಏನು ಅಂತ ವಿಚಾರಿಸದೆ ಬಂದ ಆಜ್ಞೆ ಪಾಲಿಸುತ್ತವೆ. ನಾವು ಒಂದೇ ಕಂಪ್ಯೂಟರಿಗೆ ಅನುಮತಿ ಕೊಟ್ಟು ಬೀಗ ಹಾಕಿ ಬರುತ್ತೇವೆ. ಇದಕ್ಕೂ ಒಬ್ಬರು "ಯಾಕೆ ಇಷ್ಟು ಬಿಗಿ" ಅಂತ ಕೇಳಿದ್ದರು. ತೂಕದ ಕೈ ಬೀಸುವ ಯಂತ್ರದ ವಿಷಯ ಇದು, ಬಿಗಿಯಾಗಿಯೇ ಇರಲಿ.

ಈಗಿರುವ ಗ್ರಾಹಕರ ವಿಷಯ. ಹಳದಿ ಟ್ಯಾಗಿನ ಕೇಬಲ್ ನಿಮ್ಮಲ್ಲಿದ್ದರೆ ಅದು ಕೆಲಸ ಮಾಡುವವರೆಗೂ ಬಳಸಿ. ಕೆಟ್ಟರೆ ರಿಪೇರಿ ಮಾಡಿಕೊಡುತ್ತೇವೆ, ಕನೆಕ್ಟರ್ ಹಾಕಿದ್ದಕ್ಕೆ ಮಾತ್ರ ದುಡ್ಡು. ನಿಮಗೆ ಫೋನ್ ಸಹಾಯ ಮೊದಲಿನ ಹಾಗೇ ಇರುತ್ತದೆ, ಅದೇ ನಂಬರ್, ಫೋನ್ ಎತ್ತುವವರೂ ಅವರೇ. ಪೆಟ್ಟಿಗೆ ತೆಗೆದುಕೊಳ್ಳಿ ಅಂತ ನಿಮ್ಮನ್ನು ಯಾರೂ ಒತ್ತಾಯ ಮಾಡುವುದಿಲ್ಲ. ತೆಗೆದುಕೊಳ್ಳುವುದಾದರೆ ಹಳೆ ಕೇಬಲ್ ವಾಪಸ್ ಕೊಡಿ, ಅದರ ಬೆಲೆಯನ್ನು ಹೊಸ ಬಿಲ್ಲಿನಲ್ಲಿ ಕಳೆಯುತ್ತೇವೆ.

ಫೋನ್ ಮಾಡುವ ಮೊದಲು ಇಷ್ಟು ಮಾಡಿದರೆ ನಿಮ್ಮದೂ ನಮ್ಮದೂ ಸಮಯ ಉಳಿಯುತ್ತದೆ. ರೋಬೋಟನ್ನು ಮ್ಯಾನುಯಲ್ ಮೋಡಿಗೆ ಹಾಕಿ, ಬೇಲಿಯೊಳಗೆ ಯಾರೂ ಇಲ್ಲ ಅಂತ ನೋಡಿಕೊಳ್ಳಿ. ಟೀಚ್ ಪೆಂಡೆಂಟಿನಲ್ಲಿ, ಅಂದರೆ ಕೈಯಲ್ಲಿ ಹಿಡಿದು ರೋಬೋಟ್ ನಡೆಸುವ ಪರದೆಯಲ್ಲಿ, ಸೀರಿಯಲ್ ಪೋರ್ಟಿನ ಸೆಟ್ಟಿಂಗ್ ಪುಟ ತೆರೆದು ಒಂದು ಫೋಟೋ ತೆಗೆಯಿರಿ: ವೇಗ, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್ ನಾಲ್ಕೂ ಕಾಣಬೇಕು. ಪೋರ್ಟಿನ ಇನ್ನೊಂದು ಫೋಟೋ, ಪಿನ್ ಎಣಿಸಲು ಆಗುವಷ್ಟು ಹತ್ತಿರದಿಂದ. ಲ್ಯಾಪ್‌ಟಾಪ್‌ನಲ್ಲಿ ಅಡಾಪ್ಟರಿಗೆ ಯಾವ ಕಾಮ್ ನಂಬರ್ (ವಿಂಡೋಸ್ ಆ ಪೋರ್ಟಿಗೆ ಕೊಡುವ ನಂಬರ್) ಬಂದಿದೆ ಅಂತಲೂ ಬರೆದು ಕಳಿಸಿ. ಕಾಮ್ 12, ಕಾಮ್ 15 ಅಂತ ಇದ್ದರೆ ಹಳೆಯ ಎಷ್ಟೋ ಸಾಫ್ಟ್‌ವೇರಿಗೆ ಅದು ಕಾಣುವುದೇ ಇಲ್ಲ, 1ರಿಂದ 4ರೊಳಗೆ ಬದಲಿಸಿಕೊಳ್ಳಿ.

ಕಂಟ್ರೋಲರಿನ ಮೆಮೊರಿ ಬ್ಯಾಟರಿ ಬದಲಿಸಿ ಬಹಳ ಕಾಲವಾಗಿದ್ದರೆ ಅದನ್ನೂ ಹೇಳಿ. ಅಂಥ ಮಷೀನುಗಳಿಗೆ ನಾವು ಮೊದಲು ಬರುತ್ತೇವೆ. ಬ್ಯಾಟರಿ ಸತ್ತರೆ ಪ್ರೋಗ್ರಾಂಗಳೂ ಅದರ ಜೊತೆಗೇ ಹೋಗುತ್ತವೆ.

ಇಂತಿ ನಿಮ್ಮವರು,
ಸರ್ವಿಸ್ ಬೆಂಚಿನ ಎಲ್ಲರ ಪರವಾಗಿ