ಮಕ್ಕಳ ಆಡಿಯೊ ಪುಸ್ತಕ: ಓದುವವರಿಗೆ ಚಿತ್ರಗಳನ್ನೂ ಕೊಡಿ

ಮಾನ್ಯ ಸಂಪಾದಕರೇ,

ಮಕ್ಕಳ ಕನ್ನಡ ಪುಸ್ತಕಗಳು ಆಡಿಯೊ ರೂಪದಲ್ಲೂ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಅವುಗಳನ್ನು ತಯಾರಿಸುವ ಅವಸರದ ಬಗ್ಗೆ ಪ್ರಕಾಶಕರ ಗಮನ ಸೆಳೆಯಲೇಬೇಕಾಗಿದೆ.

ಕಳೆದ ತಿಂಗಳು ಪ್ರಕಾಶನ ಸಂಸ್ಥೆಯೊಂದರವರು ಸಂಜೆ ಫೋನ್ ಮಾಡಿ, ಓದಬೇಕಾಗಿದ್ದವರಿಗೆ ಗಂಟಲು ಕಟ್ಟಿದೆ, ನಾಳೆ ಬೆಳಿಗ್ಗೆಯೇ ಮಂಗಳೂರಿನ ಸ್ಟುಡಿಯೊಗೆ ಬನ್ನಿ ಎಂದರು. ‘ತಾಳಮದ್ದಲೆಯಲ್ಲಿ ಗಂಟೆಗಟ್ಟಲೆ ಅರ್ಥ ಹೇಳುವ ನಿಮಗೆ ಮಕ್ಕಳ ಕಥೆ ಯಾವ ಲೆಕ್ಕ ಮಾಷ್ಟ್ರೇ?’ ಎಂದೂ ಸೇರಿಸಿದರು. ಈ ಮಾತಿಗೇ ನನ್ನ ಆಕ್ಷೇಪ. ತಾಳಮದ್ದಲೆಯೆಂದರೆ ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನ. ಭಾಗವತರು ಪದ್ಯ ಹಾಡಿದ ಮೇಲೆ ಪಾತ್ರವಾಗಿ ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸುವ ಅರ್ಥಧಾರಿ ನಾನು. ಪ್ರಸಂಗ ಚಿಕ್ಕಂದಿನಿಂದ ಕೇಳಿದ್ದು. ಎದುರಿನ ಅರ್ಥಧಾರಿ ಹೊಸ ಪ್ರಶ್ನೆ ಎತ್ತಿದರೂ ಮಾತು ಬೆಳೆಸಿ ನಿಭಾಯಿಸಬಹುದು. ಪುಸ್ತಕದಲ್ಲಿ ಲೇಖಕರ ಒಂದು ಪದವನ್ನೂ ಆಚೀಚೆ ಮಾಡುವಂತಿಲ್ಲ.

ಕಥೆ ಮೊಬೈಲ್‌ಗೆ ಬಂದದ್ದು ರಾತ್ರಿ, ಅದೂ ಚಿತ್ರಗಳಿಲ್ಲದೆ. ಬ್ರಹ್ಮಾವರದಿಂದ ಬಸ್ಸಿನಲ್ಲಿ ಓದುತ್ತಾ ಹೋದೆ. ಒಂದು ಪುಟದಲ್ಲಿ ‘ಅಜ್ಜಿ ತಿರುಗಿ ನೋಡಿದಳು. ಪುಟ್ಟಿ ಏನೂ ಹೇಳಲಿಲ್ಲ’ ಎಂದಷ್ಟೇ ಇತ್ತು. ಪುಟ್ಟಿಗೆ ಹೆದರಿಕೆಯೇ, ಮುನಿಸೇ? ಚಿತ್ರ ನೋಡದೆ ಈ ಪುಟ ಓದುವುದಿಲ್ಲ ಎಂದು ಸ್ಟುಡಿಯೊದಲ್ಲಿ ಪಟ್ಟು ಹಿಡಿದೆ. ಕೊನೆಗೂ ಚಿತ್ರ ಬಂತು. ಮೀನಿನ ಬುಟ್ಟಿಯಿಂದ ತಪ್ಪಿಸಿಕೊಂಡ ಏಡಿಯೊಂದು ಅಜ್ಜಿಯ ಸೆರಗಿಗೆ ಜೋತುಬಿದ್ದಿದೆ, ಪುಟ್ಟಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಾಳೆ! ಆ ಎರಡು ವಾಕ್ಯಗಳನ್ನು ನಗು ಅದುಮಿಕೊಂಡೇ ಓದಬೇಕಿತ್ತು. ಕೇಳುವ ಮಗುವಿನ ಮುಂದೆ ಚಿತ್ರ ಇರುವುದಿಲ್ಲ. ಕಣ್ಣು ಕಾಣದ ಮಗುವಂತೂ ಮುಂದೆಯೂ ಆ ಪುಟವನ್ನು ನೋಡಲಾರದು. ಏಡಿಯನ್ನು ಅವರಿಗೆ ತಲುಪಿಸಬೇಕಾದದ್ದು ಓದುವವನ ದನಿಯೇ.

ಪಾತ್ರಗಳ ದನಿಯೂ ಮೊದಲೇ ನಿರ್ಧಾರವಾಗಬೇಕು. ಎಳೆಯ ದನಿ ಕೊಟ್ಟ ಬೆಕ್ಕು ಹಲ್ಲುದುರಿದ ಮುದಿ ಬೆಕ್ಕೆಂದು ಕೊನೆಯಲ್ಲಿ ಗೊತ್ತಾದರೆ ಎಲ್ಲವನ್ನೂ ಮತ್ತೆ ಧ್ವನಿಮುದ್ರಿಸಬೇಕಾಗುತ್ತದೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ನಾಟಕಗಳಲ್ಲಿ ನಾನೂ ಪಾತ್ರ ವಹಿಸಿದ್ದೇನೆ. ಧ್ವನಿಮುದ್ರಣಕ್ಕೆ ಮೊದಲು ಎಲ್ಲರೂ ಒಟ್ಟಿಗೆ ಕುಳಿತು ನಾಟಕವನ್ನು ಪೂರ್ತಿ ಓದುತ್ತಿದ್ದೆವು. ದೊಡ್ಡವರು ಒಮ್ಮೆ ಕೇಳಿ ಮರೆಯುವ ನಾಟಕಕ್ಕೇ ಅಷ್ಟು ತಯಾರಿ ಬೇಕಾದರೆ, ಮಕ್ಕಳು ದಿನಾ ಮಲಗುವ ಮುನ್ನ ಹಾಕಿಸಿಕೊಂಡು ಕೇಳುವ, ಕೇಳಿದಂತೆಯೇ ಉಚ್ಚರಿಸಲು ಕಲಿಯುವ ಕಥೆಗೆ ಬೇಡವೇ?

ಓದುವವರಿಗೆ ಅಚ್ಚಾದ ಪುಸ್ತಕವನ್ನೇ, ಚಿತ್ರಗಳ ಸಮೇತ, ಕನಿಷ್ಠ ಒಂದು ವಾರ ಮುಂಚಿತವಾಗಿ ಕೊಡಿ. ಸಂದೇಹ ಬಂದರೆ ಕೇಳಲು ಲೇಖಕರ ದೂರವಾಣಿ ಸಂಖ್ಯೆಯೂ ಜೊತೆಗಿರಲಿ. ಓದುವವರ ಆರೋಗ್ಯ ಕೆಟ್ಟರೆ ಧ್ವನಿಮುದ್ರಣವನ್ನು ಮುಂದೂಡಿ.

– ಒಬ್ಬ ನಿವೃತ್ತ ಶಿಕ್ಷಕ, ಹವ್ಯಾಸಿ ಅರ್ಥಧಾರಿ, ಬ್ರಹ್ಮಾವರ