ಹಿಂದಿನ ಸೀಟಿನವಳಿಗೆ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನಿನ್ನ ಪತ್ರ ಬಂತು. ಫೈಟರ್ ವಿಮಾನದ ಹಿಂದಿನ ಸೀಟಿನ ತರಬೇತಿಯ ಸುದ್ದಿ, ಗೆಳತಿಯರ ತಮಾಷೆ ಎಲ್ಲ ಓದಿದೆ. ಆದರೆ ಕೊನೆಯ ಪುಟದಲ್ಲಿ ಬರೆದಿದ್ದೀಯಲ್ಲ, ‘ಕ್ಷಿಪಣಿ ನಮ್ಮ ಕಡೆಗೇ ಬರುವಾಗ ವಿಮಾನ ಹಾರಿಸುವವರು ಬೇರೆ, ನಾನು ಹಿಂದೆ ಕೂತು ಸುಮ್ನೆ ನೋಡ್ತಾ ಸಾಯಬೇಕಾ ಚಿಕ್ಕಜ್ಜ’ ಅಂತ. ಆ ಸಾಲು ನನ್ನನ್ನು ಬಿಡುತ್ತಿಲ್ಲ. ನಿನ್ನ ತಾತನಿಗೆ ಪತ್ರ ತೋರಿಸಿಲ್ಲ. ಅವನ ಎದೆ ಈಗ ಅಷ್ಟು ಗಟ್ಟಿ ಇಲ್ಲ.

ಈ ಪ್ರಶ್ನೆ ಕೇಳಿದವರಲ್ಲಿ ನೀನೇ ಮೊದಲಲ್ಲ. 1965ರ ಜುಲೈ 24ರಂದು ವಿಯೆಟ್ನಾಂನಲ್ಲಿ ಅಮೆರಿಕದ ಒಂದು ಫ್ಯಾಂಟಮ್ ಫೈಟರ್ ವಿಮಾನ, ನೆಲದಿಂದ ಹಾರಿಸುವ ಸೋವಿಯತ್ ಎಸ್‌ಎ-2 ಕ್ಷಿಪಣಿಗೆ ಬಿತ್ತು. ಅಲ್ಲಿಂದ ಒಂದು ವಿಚಿತ್ರ ಕೆಲಸ ಹುಟ್ಟಿತು, ವೈಲ್ಡ್ ವೀಸಲ್ ಅಂತ ಅದರ ಹೆಸರು. ಎರಡು ಸೀಟಿನ ಫೈಟರ್‌ನಲ್ಲಿ ಹೋಗಿ, ಬೇಕೆಂದೇ ಶತ್ರುವಿನ ರೇಡಾರ್ ಕಣ್ಣಿಗೆ ಬಿದ್ದು, ಅದು ಹೊಡೆಯುವ ಮೊದಲು ಅದನ್ನೇ ಹೊಡೆಯುವುದು. ಜಾಕ್ ಡೊನೊವನ್ ಎಂಬ ಅಧಿಕಾರಿಗೆ ಹಿಂದಿನ ಸೀಟಿನಲ್ಲಿ ಕೂತು ಈ ಕೆಲಸ ಮಾಡಬೇಕು ಎಂದಾಗ ಅವನು ‘ತಮಾಷೆ ಮಾಡ್ತಿದ್ದೀರಾ?’ ಅಂದನಂತೆ. ಅಸಲಿಗೆ ಅಂದದ್ದು ಇನ್ನೂ ಒರಟು, ನಿನಗೆ ಬರೆಯುವಂಥದ್ದಲ್ಲ. ಆ ಮಾತನ್ನೇ ಅವರು ತಮ್ಮ ಧ್ಯೇಯವಾಕ್ಯ ಮಾಡಿಕೊಂಡರು. ಅಂದವನು ಹೋಗದೆ ಉಳಿಯಲೂ ಇಲ್ಲ. ಅದೇ ಡಿಸೆಂಬರ್ 22ರಂದು ವೀಸಲ್‌ಗಳು ಮೊದಲ ಸಲ ಒಂದು ಕ್ಷಿಪಣಿ ನೆಲೆಯನ್ನು ಹೊಡೆದಾಗ ಮುಂದೆ ಅಲೆನ್ ಲ್ಯಾಂಬ್, ಹಿಂದೆ ಈ ಡೊನೊವನ್.

ಸುಮ್ನೆ ನೋಡ್ತಾ ಅಂದೆಯಲ್ಲ. ಅವನು ಅಲ್ಲಿ ಕೇಳುತ್ತಾ ಕೂತಿದ್ದ. ಹುಡುಕುವ ರೇಡಾರ್‌ಗೆ ಹೆಡ್‌ಫೋನ್‌ನಲ್ಲಿ ಒಂದು ಸದ್ದು, ಗುರಿ ಹಿಡಿಯುವ ರೇಡಾರ್‌ಗೆ ಇನ್ನೊಂದು. ಯಾವ ಕಡೆ ತಿರುಗಬೇಕು ಎಂದು ಹೇಳುತ್ತಿದ್ದವನು ಅವನು. ಈಗ ನಿಮಗೆ ಪರದೆಯ ಮೇಲೆ ಎಲ್ಲ ಕಾಣುತ್ತದಂತೆ, ನನ್ನದು ಹಳೇ ಕಾಲದ ಮಾತು.

ನನ್ನ ಕಥೆ ಹೇಳಲಾ? ನಾನಿದ್ದದ್ದು ಆ ಕಡೆ ಅಲ್ವಾ, ಹೊಡೆಸಿಕೊಳ್ಳುವ ಕಡೆ. 1971ರ ಡಿಸೆಂಬರ್, ಪಶ್ಚಿಮ ಗಡಿಯ ಒಂದು ರೇಡಾರ್ ಘಟಕ. ಸೈರನ್ ಆದಾಗ ಉಳಿದವರು ಟ್ರೆಂಚ್‌ಗೆ ಓಡುತ್ತಿದ್ದರು. ಸ್ಕೋಪ್ ಅಂದರೆ ರೇಡಾರ್ ಪರದೆಯ ಮುಂದೆ ಕೂತವರು ಏಳುವ ಹಾಗಿಲ್ಲ. ಚುಕ್ಕೆ ನಮ್ಮ ಕಡೆಗೇ ಬರುವುದು ಕಾಣುತ್ತದೆ. ಕೈಯಲ್ಲಿ ಬಂದೂಕಿಲ್ಲ, ಫಿರಂಗಿ ಹೊಡೆಯುವವರು ಬೇರೆ. ದಿಕ್ಕು, ದೂರ, ಎತ್ತರ ಓದಿ ಹೇಳುವುದಷ್ಟೇ ಕೆಲಸ. ನಿನ್ನ ಸಾಲು ಓದಿದಾಗ ನನಗೆ ಆ ಕತ್ತಲ ಕೋಣೆಯೇ ಬಂದು ಎದುರು ನಿಂತಿತು. ಅಲ್ಲಿ ಭಯ ಮೊದಲು ಗಂಟಲಿಗೆ ಬರುತ್ತದೆ. ಕೈ ನಡುಗಿದರೆ ನಡೆಯುತ್ತದೆ, ದನಿ ನಡುಗಿದರೆ ಆ ಕಡೆ ಕೇಳುವವನಿಗೆ ಅಂಕಿಯೇ ಅರ್ಥವಾಗುವುದಿಲ್ಲ. ಇದೊಂದನ್ನು ಮಾತ್ರ ಗಮನದಲ್ಲಿಡು. ನಿಮಗೆ ಕಲಿಸುವವರು ಹೇಳಿಯೇ ಇರುತ್ತಾರೆ, ಆದರೂ.

ನನ್ನ ಪಕ್ಕ ಒಬ್ಬ ಹುಡುಗ ಕೂರುತ್ತಿದ್ದ. ಇಬ್ಬರೂ ಒಂದೇ ಪರದೆ ನೋಡುತ್ತಾ ರಾತ್ರಿ ಕಳೆದೆವು. ಭಯ ಆಯಿತಾ ಎಂದು ನಾನು ಅವನನ್ನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಯುದ್ಧ ಮುಗಿಯಿತು, ಅವನಿಗೆ ವರ್ಗವಾಯಿತು. ಅಷ್ಟೇ. ಈ ವಯಸ್ಸಿನಲ್ಲೂ ಅದು ನನ್ನನ್ನು ಕಾಡುತ್ತದೆ.

ರೇಡಾರಿನವರಿಗೂ ಭಯ ಇರುತ್ತದೆ ಎನ್ನುವುದನ್ನು ಮರೆಯಬೇಡ. ವೀಸಲ್‌ಗಳ ಬಳಿ ಶ್ರೈಕ್ ಎಂಬ ಕ್ಷಿಪಣಿ ಇತ್ತು. ರೇಡಾರ್ ಕಿರಣವನ್ನೇ ಹಿಡಿದುಕೊಂಡು ಹೋಗಿ ಬೀಳುತ್ತಿತ್ತು. ಎಸ್‌ಎ-2ರಷ್ಟು ದೂರ ಹೋಗುತ್ತಿರಲಿಲ್ಲ, ಹಾಗಾಗಿ ಹತ್ತಿರ ಹೋಗಿಯೇ ಬಿಡಬೇಕು. ಆದರೆ ಅದು ಬಂತೆಂದು ಗೊತ್ತಾದರೆ ಕೆಳಗಿನವರು ರೇಡಾರ್ ಆಫ್ ಮಾಡುತ್ತಿದ್ದರು. ಆಗ ಶ್ರೈಕ್ ದಾರಿ ತಪ್ಪುತ್ತಿತ್ತು, ನಿಜ. ಆದರೆ ಎಸ್‌ಎ-2ಗೂ ನೆಲದಿಂದಲೇ ದಾರಿ ಹೇಳಬೇಕು. ರೇಡಾರ್ ಮುಚ್ಚಿದರೆ ಅದೂ ಕುರುಡು. ಬಾಂಬ್ ಹೊತ್ತು ಹಿಂದೆ ಬರುತ್ತಿದ್ದ ವಿಮಾನಗಳಿಗೆ ಆ ಕೆಲವು ನಿಮಿಷವೇ ಸಾಕಾಗುತ್ತಿತ್ತು. ವಿಮಾನ ಹಾರಿಸುವ ಸ್ಟಿಕ್ ಹಿಡಿಯದ ಒಬ್ಬನ ಕಿವಿಯಿಂದ ಇಷ್ಟಾಗುತ್ತಿತ್ತು ಪುಟ್ಟಿ.

ನಮ್ಮವರದ್ದನ್ನೂ ಕೇಳು. 1965ರ ಸೆಪ್ಟೆಂಬರ್ 21ರಂದು ನಮ್ಮ ಕ್ಯಾನ್‌ಬೆರಾ ಬಾಂಬರ್ ವಿಮಾನಗಳು ಪಾಕಿಸ್ತಾನದ ಸಿಂಧ್‌ನ ಬದೀನ್ ರೇಡಾರ್ ಮೇಲೆ ದಾಳಿ ಮಾಡಿದವು. ವಿಂಗ್ ಕಮಾಂಡರ್ ಪೀಟರ್ ವಿಲ್ಸನ್ ನೆಲಕ್ಕೆ ತಾಗುವಷ್ಟು ಕೆಳಗೆ ಹಾರಿ ರಾಕೆಟ್ ಹೊಡೆದರು. ವಿಲ್ಸನ್ ಹೆಸರು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸು ಯಾವಾಗಲೂ ದಾರಿ ಹೇಳುವ ನ್ಯಾವಿಗೇಟರ್ ಕಡೆಗೇ ಹೋಗುತ್ತದೆ. ಆ ಕ್ಯಾನ್‌ಬೆರಾದಲ್ಲಿ ಪೈಲಟ್‌ಗೆ ಅಪಾಯದಲ್ಲಿ ಹೊರಕ್ಕೆ ಚಿಮ್ಮಿಸುವ ಇಜೆಕ್ಷನ್ ಸೀಟ್ ಇತ್ತು, ಕೆಳಗೆ ಮೂಗಿನೊಳಗೆ ಕೂರುವ ನ್ಯಾವಿಗೇಟರ್‌ಗೆ ಇರಲಿಲ್ಲ. ಅವರು ಬಾಗಿಲು ತೆಗೆದು ಹಾರಬೇಕು. ಅಷ್ಟು ಕೆಳಗೆ ಹಾರುವಾಗ ಹಾರುವುದೆಲ್ಲಿಗೆ? ಇದು ಗೊತ್ತಿದ್ದೇ ಹತ್ತುತ್ತಿದ್ದರು. ನಿನಗೆ ಅಂಥ ಸೀಟಾದರೂ ಇದೆ. ಇದನ್ನು ಸಮಾಧಾನ ಅಂತ ಹೇಳುತ್ತಿದ್ದೇನಾ ನಾನು? ಕ್ಷಮಿಸು.

ಇನ್ನೊಂದು ವೀಸಲ್ ಜೋಡಿ. 1967ರ ಏಪ್ರಿಲ್ 19ರಂದು ಮುಂದಿನ ಸೀಟಿನ ಲಿಯೋ ಥಾರ್ಸ್‌ನೆಸ್, ಹಿಂದಿನ ಸೀಟಿನ ಹ್ಯಾರಿ ಜಾನ್ಸನ್ ಕ್ಷಿಪಣಿ ನೆಲೆಗಳನ್ನು ಹೊಡೆದು, ಪ್ಯಾರಾಚೂಟ್‌ನಲ್ಲಿ ಇಳಿದ ಜೊತೆಗಾರರನ್ನು ಬಿಡದೆ ಶತ್ರುವಿನ ಮಿಗ್ ವಿಮಾನಗಳ ನಡುವೆ ಮತ್ತೆ ಹೋದರು. ಅದೇ ತಿಂಗಳ 30ಕ್ಕೆ ಅವರ ವಿಮಾನವೂ ಬಿತ್ತು. 1973ರವರೆಗೆ ಇಬ್ಬರೂ ಸೆರೆಯಲ್ಲಿದ್ದರು. ಥಾರ್ಸ್‌ನೆಸ್‌ಗೆ ಅವರ ದೇಶದ ಅತಿ ದೊಡ್ಡ ಪದಕ, ಜಾನ್ಸನ್‌ಗೆ ಅದರ ಕೆಳಗಿನದು. ವಿಮಾನ ಒಂದೇ, ಬೆಂಕಿ ಒಂದೇ, ಪದಕ ಮಾತ್ರ ಎರಡು ಥರ. ನನಗೆ ಇದು ಸರಿ ಅನ್ನಿಸಿಲ್ಲ. ಹಿಂದೆ ಕೂತವರು ಇದಕ್ಕೂ ಸಿದ್ಧರಾಗಿರಬೇಕು ಅಂತ ಕಾಣುತ್ತದೆ.

ನೀನು ಸಾಯಲ್ಲ ಅಂತ ಬರೆಯಲು ಕೈ ಬರುತ್ತಿಲ್ಲ. ನಿನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಆದರೆ ಸುಮ್ನೆ ಕೂತು ಎನ್ನುವ ಮಾತನ್ನು ನಾನು ಒಪ್ಪಲ್ಲ, ಅಷ್ಟೇ.

ಹೇಳಬೇಕೋ ಬೇಡವೋ ಗೊತ್ತಿಲ್ಲ. ನಿನ್ನ ಜೊತೆ ಹಾರುವ ಪೈಲಟ್ ಹತ್ತಿರ ಈ ಭಯದ ಬಗ್ಗೆ ನೆಲದ ಮೇಲಿರುವಾಗಲೇ ಮಾತಾಡು. ಕ್ಷಿಪಣಿ ಕಂಡರೆ ನೀನು ಯಾವ ಪದ ಕೂಗುತ್ತೀ, ಅವರು ಏನು ಮಾಡುತ್ತಾರೆ, ಇಬ್ಬರೂ ಸೇರಿ ಮೊದಲೇ ತೀರ್ಮಾನಿಸಿಕೊಳ್ಳಿ. ಅವರಿಗೂ ಒಂದು ಭಯ ಇದ್ದೇ ಇರುತ್ತದೆ, ಬಹುಶಃ ಹಿಂದಿನವಳು ಹೇಳದೇ ಹೋದರೆ ಅಂತ. ಕೇಳಿ ನೋಡಿ ನನಗೆ ಬರೆ. ಬೇರೆ ಸುದ್ದಿ ನಿನ್ನ ತಾತನ ಪತ್ರದಲ್ಲಿ ಇರುತ್ತದೆ.

ಇಂತಿ,
ನಿನ್ನ ಚಿಕ್ಕಜ್ಜ