ಮಾಳಿಗೆಯನ್ನು ಮತ್ತೆ ಮೆತ್ತಿಕೊಟ್ಟವರು ಯಾರು?

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ಸಣ್ಣ ಸಭೆಯ ಪಾಲಕ. ಊರವರು ಪಾದ್ರಿ ಅನ್ನುತ್ತಾರೆ, ಸಭೆಯವರು ಅಯ್ಯನವರು ಅನ್ನುತ್ತಾರೆ. 26 ವರ್ಷದಿಂದ ಇದೇ ಸೇವೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ನಮ್ಮ ಚರ್ಚಿನ ಒಳಗಿನ ಮಾತನ್ನು ಎಲ್ಲರೂ ಓದುವ ಪತ್ರಿಕೆಗೆ ಯಾಕೆ ತರಬೇಕು ಅಂತ ಎರಡು ವಾರ ಯೋಚಿಸಿದೆ. ಆದರೆ ಕಾಯಿಲೆ, ಪ್ರಾರ್ಥನೆ, ಹರಕೆ ಇವು ಯಾವುದೋ ಒಂದು ಧರ್ಮದವರ ಮನೆಗೆ ಮಾತ್ರ ಸೇರಿದ್ದಲ್ಲ, ಅಲ್ವಾ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸಭೆಯಲ್ಲಿ ಒಬ್ಬ ತಾಯಿ ಇದ್ದಾರೆ. ವಯಸ್ಸು ಐವತ್ತರ ಆಸುಪಾಸು, ಕೂಲಿ ಮಾಡಿ ಬದುಕುವವರು. ಶುಗರ್ ಹತೋಟಿಗೆ ಬರದೆ ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಅಂತ ಡಾಕ್ಟರು ಹೇಳಿದ್ದರು. ಎಲ್ಲೋ ಒಂದು ಪ್ರಾರ್ಥನಾ ಕೂಟಕ್ಕೆ ಹೋದಾಗ ಯಾರೋ ಅವರ ತಲೆಯ ಮೇಲೆ ಕೈಯಿಟ್ಟು, ನಿನಗೆ ಗುಣವಾಗಿದೆ, ಇನ್ನೂ ಸೂಜಿ ಚುಚ್ಚಿಕೊಂಡರೆ ನಿನಗೆ ನಂಬಿಕೆ ಇಲ್ಲ ಅಂತ ಅರ್ಥ ಅಂದರು. ಆ ತಾಯಿ ಸೂಜಿ ಬಿಟ್ಟುಬಿಟ್ಟರು. ಸ್ವಲ್ಪ ದಿನಕ್ಕೆ ವಾಂತಿ ಶುರುವಾಯಿತು, ಏದುಸಿರು ಬಂತು, ಮಾತು ತೊದಲಿತು. ರಾತ್ರಿ ಒಂದೂವರೆಗೆ ಮಗ ನನಗೆ ಫೋನ್ ಮಾಡಿದ. ಪಕ್ಕದ ಓಣಿಯವರ ಟಂಟಂನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ದೇವರ ದಯೆಯಿಂದ, ಆ ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ ಕೈಯಿಂದ ಬದುಕಿಕೊಂಡರು. ಎರಡನ್ನೂ ಬೇಕೆಂತಲೇ ಒಟ್ಟಿಗೆ ಬರೆದಿದ್ದೇನೆ.

ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಾಗ ನನಗೆ ಆ ಪ್ರಾರ್ಥನೆ ಮಾಡಿದವರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಭಾನುವಾರದ ಪ್ರಸಂಗದಲ್ಲಿ ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಬರೆದುಕೊಂಡೂ ಆಗಿತ್ತು. ಮೂರನೇ ದಿನ ಆ ತಾಯಿಗೆ ಮಾತಾಡುವಷ್ಟು ಶಕ್ತಿ ಬಂದಾಗ ಕೇಳಿದೆ, ಯಾಕಮ್ಮ ಹೀಗೆ ಮಾಡಿದಿರಿ ಅಂತ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ.

"ಅಯ್ಯಾರ, ನಮ್ಮನ್ಯಾಗ ಫ್ರಿಜ್ ಇಲ್ರಿ. ಬಾಜೂ ಮನ್ಯಾಗ ಇಟ್ಟಿದ್ದೆ. ದಿನಾ ಎರಡ ಸಲ ಹೋಗಿ ಅವರ ಬಾಗಿಲಾ ಬಡಿಯಾಕ ನಾಚಿಕಿ ಬರ್ತಿತ್ತು. ಸೂಜಿ ಬ್ಯಾಡ ಅಂದಾಗ ಜೀವ ಹಗುರಾತು ನೋಡ್ರಿ."

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಪ್ರತಿ ಭಾನುವಾರ ಆರಾಧನೆಯಲ್ಲಿ ಅಸ್ವಸ್ಥರಿಗಾಗಿ ಪ್ರಾರ್ಥಿಸುವಾಗ ನಾನು ಆ ತಾಯಿಯ ಹೆಸರು ಹೇಳುತ್ತಿದ್ದೆ. ಇಡೀ ಸಭೆ ಆಮೆನ್ ಅನ್ನುತ್ತಿತ್ತು. ಆದರೆ ಅಮ್ಮ, ನಿಮ್ಮ ಔಷಧ ಎಲ್ಲಿ ಇಟ್ಟುಕೊಳ್ಳುತ್ತೀರಿ ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವರ ಮನೆಗೆ ಭೇಟಿಗೆ ಹೋಗಿದ್ದೇನೆ, ಚಹಾ ಕುಡಿದಿದ್ದೇನೆ, ಬೈಬಲಿನ ಕೀರ್ತನೆ ಓದಿ ಬಂದಿದ್ದೇನೆ.

ಯೇಸುವಿನ ಬದುಕನ್ನು ಹೇಳುವ ಸುವಾರ್ತೆಯಲ್ಲಿ ಒಂದು ಕಥೆ ಬರುತ್ತದೆ, ಕ್ರೈಸ್ತರಲ್ಲದವರಿಗೂ ಕೆಲವರಿಗೆ ಗೊತ್ತಿರಬಹುದು. ಕಪೆರ್ನೌಮ್ ಎಂಬ ಊರಿನಲ್ಲಿ ಯೇಸು ಒಂದು ಮನೆಯಲ್ಲಿ ಕೂತು ಬೋಧಿಸುತ್ತಿದ್ದಾನೆ. ಕಾಲಿಡಲು ಜಾಗವಿಲ್ಲದಷ್ಟು ಜನ. ನಾಲ್ಕು ಜನ ಒಬ್ಬ ಪಾರ್ಶ್ವವಾಯು ಬಡಿದವನನ್ನು ಹಾಸಿಗೆ ಸಮೇತ ಹೊತ್ತುಕೊಂಡು ಬರುತ್ತಾರೆ. ಬಾಗಿಲಲ್ಲಿ ನುಗ್ಗಲು ಆಗುವುದಿಲ್ಲ. ಮೇಲೆ ಹತ್ತಿ, ಮಾಳಿಗೆ ಅಗೆದು, ತೂತು ಮಾಡಿ, ಅಲ್ಲಿಂದ ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಸುವಾರ್ತೆ ಬರೆದವರಲ್ಲಿ ಲೂಕನು ಇದೇ ಕಥೆಯಲ್ಲಿ ಹೆಂಚು ಅಂತ ಬರೆಯುತ್ತಾನೆ, ಮಾರ್ಕನು ಅಗೆದರು ಅನ್ನುತ್ತಾನೆ. ಮಂಗಳೂರಿನ ಕಡೆಯವರಿಗೆ ಲೂಕನ ಹೆಂಚು ಹತ್ತಿರವಾದರೆ ನಮ್ಮ ಬಯಲುಸೀಮೆಯವರಿಗೆ ಮಾರ್ಕನೇ ಹತ್ತಿರ. ತೊಲೆ, ಜಂತಿ, ಮೇಲೆ ಮಣ್ಣು ಹಾಕಿ ತುಳಿದ ಮಾಳಿಗೆ ಮನೆಗಳಲ್ಲಿ ಹುಟ್ಟಿ ಬೆಳೆದವರು ನಾವು. ಮಾಳಿಗೆ ಅಗೆಯುವುದು ಅಂದರೆ ಏನು, ಕೆಳಗಿದ್ದವರ ತಲೆ ಮೇಲೆ ಎಷ್ಟು ಮಣ್ಣು ಬೀಳುತ್ತದೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಥೆಯಲ್ಲಿ ಒಂದು ಸಣ್ಣ ಮಾತಿದೆ, ನಾವು ಬೋಧಕರೇ ಎಷ್ಟೋ ಸಲ ಅದನ್ನು ದಾಟಿಕೊಂಡು ಮುಂದೆ ಹೋಗುತ್ತೇವೆ. ಯೇಸು 'ಅವರ' ನಂಬಿಕೆಯನ್ನು ನೋಡಿದನು ಅಂತ ಬರೆದಿದೆ. ಮಲಗಿದ್ದವನಿಗೆ ಎಷ್ಟು ನಂಬಿಕೆ ಇತ್ತು ಅಂತ ಕಥೆ ಹೇಳುವುದೇ ಇಲ್ಲ. ಅವನು ಬಾಯಿಬಿಟ್ಟು ಒಂದು ಮಾತು ಆಡಿದ್ದೂ ಅಲ್ಲಿಲ್ಲ. ಕಣ್ಣಿಗೆ ಕಂಡಿದ್ದು ಹೊತ್ತು ತಂದವರ ನಂಬಿಕೆ, ಅವರ ಹೆಗಲು, ಅವರ ಕೈಗೆ ಮೆತ್ತಿದ ಮಣ್ಣು. ಹಾಗಿರುವಾಗ ಹಾಸಿಗೆ ಹಿಡಿದವರ ಹತ್ತಿರ ಹೋಗಿ, ನಿಮ್ಮ ನಂಬಿಕೆ ಸಾಲದು ಅಂತ ಹೇಳುವ ಧೈರ್ಯ ನಮಗೆ ಎಲ್ಲಿಂದ ಬಂತು? ಜ್ವರದಲ್ಲಿ ನರಳುವವರಿಗೆ, ಕಿಮೊ ತೆಗೆದುಕೊಂಡು ಕೂದಲು ಉದುರಿದವರಿಗೆ, ಅವರ ನಂಬಿಕೆಯ ಲೆಕ್ಕ ಕೇಳುವುದು ಕ್ರೂರತನ. ಅವರು ನಂಬಲಾರದ ಹೊತ್ತಿನಲ್ಲಿ ಅವರ ಪರವಾಗಿ ನಂಬುವುದಕ್ಕೇ ಸಭೆ ಅಂತ ಒಂದು ಇರುವುದು.

ಯೇಸುವಿನ ನಂತರ ಊರೂರಿಗೆ ಸುವಾರ್ತೆ ಸಾರಿ, ಸಭೆಗಳಿಗೆ ಪತ್ರ ಬರೆದ ಪೌಲನ ವಿಷಯ ನೋಡಿ. ತನ್ನ ಶರೀರದಲ್ಲಿ ಒಂದು ಮುಳ್ಳು ಇದೆ, ಅದು ಹೋಗಲಿ ಅಂತ ಮೂರು ಸಲ ಬೇಡಿಕೊಂಡೆ ಅಂತ ಅವನೇ ಬರೆಯುತ್ತಾನೆ. ಅದು ಹೋಗಲಿಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೂ ಮೂರು ಸಲ ಬೇಡಿದ, ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಅಂತ. ಅದೂ ತೊಲಗಲಿಲ್ಲ. ಇವರಿಬ್ಬರಿಗೂ ನಂಬಿಕೆ ಕಡಿಮೆ ಇತ್ತು ಅನ್ನೋಣವೇ? ಪೌಲನ ಜೊತೆಗಿದ್ದ ಲೂಕನು ವೈದ್ಯ. ಪ್ರಿಯ ವೈದ್ಯ ಅಂತ ಪೌಲನು ಅವನನ್ನು ಪ್ರೀತಿಯಿಂದ ಕರೆಯುತ್ತಾನೆ. ಇನ್ನೊಂದು ಪತ್ರದ ಕೊನೆಯಲ್ಲಿ, ತ್ರೊಫಿಮನಿಗೆ ಹುಷಾರಿಲ್ಲ, ಅವನನ್ನು ಮಿಲೇತದಲ್ಲೇ ಬಿಟ್ಟು ಬಂದೆ ಅಂತ ಒಂದೇ ಸಾಲು ಬರೆಯುತ್ತಾನೆ. ಎಷ್ಟೋ ಜನರನ್ನು ಗುಣಪಡಿಸಿದ ಅಪೊಸ್ತಲ ತನ್ನ ಗೆಳೆಯನನ್ನು ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು, ಅದನ್ನು ಮುಚ್ಚಿಡಲೂ ಇಲ್ಲ. ಈ ಸಾಲಿನ ಮೇಲೆ ನಾನು ಎಷ್ಟೋ ಬೆಳಗಿನ ಜಾವ ಕೂತಿದ್ದೇನೆ.

ಯಾಕೆಂದರೆ ನಾನೂ ತಪ್ಪು ಮಾಡಿದವನೇ. ಸೇವೆಗೆ ಬಂದ ಹೊಸತು, ಬೇರೆ ಊರು. ಜ್ವರ ಬಂದು ಆರು ವರ್ಷದ ಹುಡುಗ ತೀರಿಕೊಂಡ. ಅವನ ತಾಯಿ, ಅಯ್ಯನವರೇ, ಇಷ್ಟೆಲ್ಲ ಪ್ರಾರ್ಥನೆ ಮಾಡಿದೆವಲ್ಲ, ದೇವರು ಯಾಕೆ ಕೇಳಲಿಲ್ಲ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಸುಮ್ನೆ ಇರಲು ಭಯವಾಯಿತು. ದೇವರಿಗೆ ಅವನು ಬೇಕಾಗಿದ್ದ ಅಮ್ಮ, ಕರೆದುಕೊಂಡ ಅಂದುಬಿಟ್ಟೆ. ಆ ತಾಯಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ನಾನು ಆ ಊರಲ್ಲಿ ಇದ್ದಷ್ಟು ದಿನ ಅವರು ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಮಗ ಅವರಿಗೆ ಬೇಕಾಗಿರಲಿಲ್ಲವೇ? ಯಾವ ಬಾಯಲ್ಲಿ ಹಾಗೆ ಹೇಳಿದೆ ನಾನು? ಅವತ್ತು ಅವರ ಪಕ್ಕದಲ್ಲಿ ಕೂತು 88ನೇ ಕೀರ್ತನೆ ಓದಬಹುದಿತ್ತು. 150 ಕೀರ್ತನೆಗಳಲ್ಲಿ ಅಳುವ ಕೀರ್ತನೆಗಳು ಎಷ್ಟೋ ಇವೆ, ಹೆಚ್ಚಿನವು ಕೊನೆಗೆ ಸಮಾಧಾನದ ಕಡೆಗೆ ತಿರುಗುತ್ತವೆ. ಇದೊಂದು ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ದೇವರ ಕಡೆಗೇ ಮುಖ ಮಾಡಿ ಆಡಿದ ಮಾತು, ಅದನ್ನೂ ನಮ್ಮ ಹಿರಿಯರು ಪ್ರಾರ್ಥನೆ ಅಂತಲೇ ಉಳಿಸಿಕೊಂಡು ಬಂದಿದ್ದಾರೆ.

ಹಾಗಾದರೆ ಪ್ರಾರ್ಥನೆಯಿಂದ ಏನು ಆಗುತ್ತದೆ ಅಂತ ಯುವಕರು ಕೇಳುತ್ತಾರೆ. ಕೇಳಬೇಕು. ನಾನು ದಿನಾ ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಒಂದು ಹಳೆಯ ನೋಟ್‌ಬುಕ್ ಇದೆ, ಅದರಲ್ಲಿ ಹೆಸರುಗಳಿವೆ. ಕೆಲವು ದಿನ ಮಾತು ತಾನಾಗಿ ಬರುತ್ತದೆ. ಬಹಳ ದಿನ ಬರುವುದಿಲ್ಲ. ಆಗ ಬರೀ ಹೆಸರುಗಳನ್ನು ಓದುತ್ತೇನೆ, ಒಂದೊಂದು ಹೆಸರಿಗೂ ಸ್ವಲ್ಪ ನಿಲ್ಲುತ್ತೇನೆ. ದೇವರು ಕೇಳುತ್ತಾನೆ ಅಂತ ನಾನು ಪೂರ್ತಿ ಮನಸ್ಸಿನಿಂದ ನಂಬುತ್ತೇನೆ. ಗುಣವಾಗಿದ್ದನ್ನೂ ಕಂಡಿದ್ದೇನೆ, ಡಾಕ್ಟರೇ ಆಶ್ಚರ್ಯಪಟ್ಟಿದ್ದನ್ನೂ ಕಂಡಿದ್ದೇನೆ, ಅದಕ್ಕೆ ಮೊಣಕಾಲೂರಿ ಸ್ತೋತ್ರ ಹೇಳಿದ್ದೇನೆ. ಆದರೆ ಗುಣವಾಗುವುದು ದೇವರ ಕೈಯಲ್ಲಿದೆ, ಇಂಥ ದಿನ ಇಂಥ ಹೊತ್ತಿಗೆ ಗುಣವಾಗುತ್ತದೆ ಅಂತ ಬ್ಯಾನರ್ ಕಟ್ಟುವ ಹಕ್ಕು ನನಗಿಲ್ಲ. ಮೊನ್ನೆಯ ನಂತರ ಇನ್ನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹೆಸರಿನ ಮುಂದೆ, ಅವರಿಗೆ ಇವತ್ತು ಏನು ಬೇಕು ಅಂತ ಬರೆದುಕೊಳ್ಳುತ್ತೇನೆ. ಬಸ್ ಚಾರ್ಜು. ಕನ್ನಡಕ. ಮಗಳ ಹಾಸ್ಟೆಲ್ ಅರ್ಜಿ. ಮಾತಾಡಲು ಒಬ್ಬರು.

ಈ ಔಷಧಕ್ಕೂ ಪ್ರಾರ್ಥನೆಗೂ ಜಗಳ ಹಚ್ಚಿದವರು ಯಾರೋ ನನಗೆ ಗೊತ್ತಿಲ್ಲ, ನಮ್ಮ ಹಿರಿಯರಂತೂ ಅಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿಳಿದರು, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂದರು. ಶಾಲೆ ಕಟ್ಟಿದರು, ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ಕಟ್ಟಿದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಮರದ ಕೆಳಗೆ ಕೂತು ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದರು, ಹತ್ತು ವರ್ಷಕ್ಕೆ ಕುಷ್ಠರೋಗಿಗಳಿಗೆ ಆಶ್ರಯವನ್ನೂ ತೆರೆದರು. ಯಾರೂ ಮುಟ್ಟದ ಕಾಲ ಅದು. ಅವರು ಪೂಜೆ ಅರ್ಪಿಸುವ ಪಾದ್ರಿಯೇ. ಬೆಳಿಗ್ಗೆ ಪೂಜೆ ಅರ್ಪಿಸಿದ ಕೈಯೇ ಔಷಧವನ್ನೂ ಕೊಡುತ್ತಿತ್ತು, ಅವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ.

ದೇವರ ಸೇವೆ ಅಂದರೆ ಮೈಕ್ ಹಿಡಿಯುವುದು ಅಂತ ಈಗಿನ ಹುಡುಗರಲ್ಲಿ ಒಂದು ಭಾವನೆ ಬಂದುಬಿಟ್ಟಿದೆ. ಸೇವೆಗೆ ಬರುತ್ತೇನೆ ಅಂತ ಬಂದ ಹುಡುಗನಿಗೆ ನಾನು ಕಿಟೆಲರ ವಿಷಯ ಹೇಳುತ್ತೇನೆ. 1853ರಲ್ಲಿ ಸುವಾರ್ತೆ ಸಾರಲು ಬಂದ ಆ ಮನುಷ್ಯ ಕನ್ನಡದ ಒಂದೊಂದೇ ಪದ ಕೂಡಿಡುತ್ತಾ ಹೋದರು, ನಿಘಂಟು ಅಚ್ಚಾಗಿ ಬಂದಾಗ 1894. ಸುಮಾರು 70,000 ಪದಗಳು. ಅದೂ ಸೇವೆಯೇ. ಅಷ್ಟು ನಿಧಾನದ, ಯಾರೂ ಚಪ್ಪಾಳೆ ತಟ್ಟದ ಕೆಲಸಕ್ಕೆ ತಯಾರಿದ್ದೀಯಾ ಅಂತ ಕೇಳುತ್ತೇನೆ. ನಮ್ಮ ನೆರೆಯ ಶರಣರ ಮಠಗಳಲ್ಲಿ ಕಾಯಕ, ದಾಸೋಹ ಅನ್ನುವ ಮಾತು ಕೇಳಿ ಬೆಳೆದ ಹುಡುಗರಿಗೆ ಇದು ಬೇಗ ಅರ್ಥವಾಗುತ್ತದೆ.

ನನ್ನ ಜೊತೆ ಸೇವಕರಲ್ಲಿ ಕೈಮುಗಿದು ಒಂದು ಬೇಡಿಕೆ. ರೋಗಿಗಳಿಗಾಗಿ ಪ್ರಾರ್ಥಿಸಿ, ಎಣ್ಣೆ ಹಚ್ಚಿ, ಕೈಯಿಡಿ, ಕಣ್ಣೀರು ಹಾಕಿ. ಮಾತ್ರೆ ಬಿಡು ಅಂತ ಮಾತ್ರ ಹೇಳಬೇಡಿ. ಗುಣವಾಯಿತು ಅಂತ ಸಾಕ್ಷಿ ಹೇಳಿಸಲು ಅವಸರ ಮಾಡಬೇಡಿ. ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳು ಮಾತ್ರೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ಕಡಿಮೆಯಾಗಿ ಮೈಗೆ ಕಸುವು ಬರುತ್ತದೆ, ಆಗಲೇ ವೇದಿಕೆಗೆ ಕರೆದು ಸಾಕ್ಷಿ ಹೇಳಿಸಿಬಿಟ್ಟರೆ ಅವರು ಮಾತ್ರೆ ಮುಂದುವರಿಸುವುದು ಹೇಗೆ? ಅರ್ಧಕ್ಕೆ ಬಿಟ್ಟ ಕ್ಷಯ ಔಷಧಕ್ಕೆ ಬಗ್ಗದ ಹಾಗೆ ತಿರುಗಿ ಬರಬಹುದು, ಮನೆಯ ಮಕ್ಕಳಿಗೂ ಹಬ್ಬಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಬಿಟ್ಟಿ ಸಿಗುತ್ತದೆ. ಸಾಕ್ಷಿ ಆರು ತಿಂಗಳು ಕಾಯಲಿ, ದೇವರಿಗೆ ಅದರಿಂದ ಯಾವ ಅವಮಾನವೂ ಆಗುವುದಿಲ್ಲ.

ಆ ತಾಯಿ ಮನೆಗೆ ಬಂದ ವಾರ ನಮ್ಮ ಮನೆಯಲ್ಲೇ ಸ್ತ್ರೀಯರ ಕೂಟ ಇತ್ತು. ನಾನು ಇದೇ ನಾಲ್ಕು ಜನರ ಕಥೆ ಓದಿ ನಾಲ್ಕು ಮಾತು ಹೇಳಿದೆ. ಮುಗಿದ ಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೇಳಿದರು, "ಅಯ್ಯಾರ, ಮಾಳಿಗಿ ಕಿತ್ತಿದ್ದಾತು, ಆ ಮನಷ್ಯಾ ಎದ್ದು ಹೋಗಿದ್ದಾತು. ಆಮ್ಯಾಲ ಆ ಮಾಳಿಗೀನ ಮತ್ತ ಮೆತ್ತಿಕೊಟ್ಟವ್ರು ಯಾರ್ರಿ? ಮಳಿ ಬಂದ್ರ ಮನಿಯವ್ರು ಏನ್ ಮಾಡ್ಬೇಕು?"

ಇಷ್ಟು ವರ್ಷ ಆ ಭಾಗದ ಮೇಲೆ ಪ್ರಸಂಗ ಮಾಡಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮರುದಿನ ಆ ನಾಲ್ಕು ಜನ ಮಣ್ಣು ಕಲಸಿಕೊಂಡು ಬಂದಿರಬೇಕು ಅಂತ ನನಗೆ ಅನ್ನಿಸುತ್ತದೆ ಅಜ್ಜಿ, ಆದರೆ ಅದನ್ನು ಯಾರೂ ಬರೆದಿಟ್ಟಿಲ್ಲ ಅಂದೆ. ಬರೆಯೂದ್ಯಾಕ, ಮಾಡಿದ್ರ ಸಾಕು ಅಂದರು.

ಆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅಲ್ಲೇ ಕೂತು ಹೆಂಗಸರೇ ಪಾಳಿ ಹಾಕಿಕೊಂಡರು. ಕಳೆದ ಸುಗ್ಗಿ ಹಬ್ಬದಲ್ಲಿ ಒಂದೇ ಕುಂಬಳಕಾಯಿಯನ್ನು ಕೊಂಡವರು ಮತ್ತೆ ಮತ್ತೆ ಚರ್ಚಿಗೇ ಬಿಟ್ಟುಕೊಟ್ಟು ನಾಲ್ಕು ಸಲ ಹರಾಜಾಗಿತ್ತು. ಆ ಹಣದಲ್ಲಿ ಉಳಿದಿದ್ದನ್ನು ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜಿಗೆ ಅಂತ ಎತ್ತಿಟ್ಟರು. ದಿನ ಬಳಸುವ ಇನ್ಸುಲಿನ್ ಬಾಟಲಿಯನ್ನು ನೀರು ತಾಗದ ಹಾಗೆ ಮಣ್ಣಿನ ಗಡಿಗೆಯಲ್ಲಿ ತಂಪಾಗಿ ಇಡುವುದು ಹೇಗೆ ಅಂತ ಆಸ್ಪತ್ರೆಯ ನರ್ಸ್ ತೋರಿಸಿಕೊಟ್ಟಿದ್ದಾರೆ. ಎರಡು ಗಡಿಗೆ ಕುಂಬಾರ ಓಣಿಯಿಂದ ನಾನೇ ತಂದೆ. ಉಳಿದ ಬಾಟಲಿಗಳು ಈಗ ನಮ್ಮ ಮನೆಯ ಫ್ರಿಜ್‌ನಲ್ಲಿವೆ, ಬೇಕಾದಾಗ ನನ್ನ ಹೆಂಡತಿ ತಾನೇ ಒಯ್ದು ಕೊಡುತ್ತಾಳೆ. ಬರುವ ಮಂಗಳವಾರ ಅವರನ್ನು ಶುಗರ್ ತಪಾಸಣೆಗೆ ಕರೆದೊಯ್ಯುವ ಪಾಳಿ ನನ್ನದು.

ಇತಿ ನಿಮ್ಮ ಓದುಗ,
ಒಬ್ಬ ಸಭಾಪಾಲಕ,
ಗದಗ ಜಿಲ್ಲೆ